ಬಾಳಿಕೆ ಬರುವ ಒಂದು ವಾಚು

ಒಳ್ಳೆಯ ವಾಚು ಕಟ್ಟುವ ಯೋಗ ನನ್ನ ಕೈಗಿಲ್ಲ. ಆ ಕೈ ದಿನಕ್ಕೆ ಎಷ್ಟು ಸಲ ಎಲ್ಲೆಲ್ಲಿ ಹೊಕ್ಕು ಹೊರಬರುತ್ತದೆ ಎಂಬುದನ್ನು ನಾನಿಲ್ಲಿ ವಿವರಿಸುವುದಿಲ್ಲ. ನೀವು ಇದನ್ನು ಊಟ ಮಾಡುತ್ತ ಓದುತ್ತಿರಲೂಬಹುದು. ನಾನು ದನದ ಡಾಕ್ಟರು ಅಂದರೆ ಸಾಕು, ಉಳಿದದ್ದು ನಿಮಗೆ ಅರ್ಥವಾದೀತು. ಮನೆ ಪುತ್ತೂರಿನಲ್ಲಿ, ಕೆಲಸ ಕಡಬ ಮತ್ತು ಪಂಜದ ಆಚೀಚೆ. ನಡುವಿನ ದಾರಿಯಲ್ಲಿ ನನ್ನ ಸ್ಕೂಟರು, ಹಿಂದಿನ ಸೀಟಿನಲ್ಲಿ ಔಷಧದ ಪೆಟ್ಟಿಗೆ, ಎಡಗೈಯಲ್ಲಿ ಆಯುಸ್ಸು ಮುಗಿಯುತ್ತ ಬಂದ ಯಾವುದೋ ಒಂದು ವಾಚು.

ಮೊಬೈಲಿನಲ್ಲಿ ಟೈಮ್ ಕಾಣುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕಾಣುತ್ತದೆ. ಆದರೆ ದನದ ನಾಡಿ ನೋಡಬೇಕಾದರೆ ಒಂದು ಕೈಯಲ್ಲಿ ಬಾಲ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ಅದರ ಬುಡಕ್ಕೆ ಒತ್ತಿ ನಿಲ್ಲಬೇಕು. ಮೊಬೈಲು ಹಿಡಿಯಲು ಮೂರನೇ ಕೈ ದೇವರು ಕೊಟ್ಟಿಲ್ಲ. ಅಂಥ ಹೊತ್ತಿನಲ್ಲಿ ಕಣ್ಣ ಕೊನೆಗೆ ಕಾಣುವಂತೆ ಸೆಕೆಂಡಿನ ಮುಳ್ಳೊಂದು ಓಡುತ್ತಿರಬೇಕು. ದನ ಒದೆಯುವ ಮೊದಲು ಎಣಿಸಿ ಮುಗಿಯಬೇಕು. ನನ್ನ ವಾಚಿನ ಅಗತ್ಯ ಇಷ್ಟೇ.

ಈ ಅಗತ್ಯಕ್ಕೆ ಬಲಿಯಾದ ವಾಚುಗಳನ್ನು ನೆನೆದರೆ ಪಾಪ ಅನ್ನಿಸುತ್ತದೆ. ಚರ್ಮದ ಪಟ್ಟಿಯದು ಒಂದೇ ಮಳೆಗಾಲದಲ್ಲಿ ದನದ ಹಟ್ಟಿಯ ವಾಸನೆಯನ್ನೆಲ್ಲ ಕುಡಿಯಿತು. ನಮ್ಮ ಯಜಮಾನರು ಅದಕ್ಕೆ ಮನೆಯೊಳಗೆ ಪ್ರವೇಶ ನಿಷೇಧಿಸಿ ಜಗಲಿಯ ಮೊಳೆಗೆ ನೇತುಹಾಕಿಸಿದರು. ಸ್ಟೀಲಿನ ಚೈನಿನದು ವಾಸನೆ ಕುಡಿಯಲಿಲ್ಲ, ಆದರೆ ಅದರ ಸಂದು ಸಂದಿನಲ್ಲಿ ಏನು ಸೇರಿಕೊಳ್ಳುತ್ತದೆಂದು ಹೇಳಬಾರದು. ಸಂಪಾಜೆಯಲ್ಲಿ ಕೆಲಸಕ್ಕಿದ್ದಾಗ ಒಂದು ಚಂದದ ವಾಚು ಹೊಳೆಯ ಪಾಲಾಯಿತು. ಆಮೇಲೆ ತಂಗಿಯ ಮಗಳು ಪ್ರೀತಿಯಿಂದ ಒಂದು ಸ್ಮಾರ್ಟ್ ವಾಚು ತಂದುಕೊಟ್ಟಳು. ಅದು ಮಹಾ ಬುದ್ಧಿವಂತ. ಹಟ್ಟಿಯಲ್ಲಿ ಗಂಟೆಗಟ್ಟಲೆ ನಿಂತು ಬೆವರಿಳಿಸುತ್ತಿರುವಾಗ, ತುಂಬ ಹೊತ್ತಿನಿಂದ ಕೂತಿದ್ದೀರಿ, ಸ್ವಲ್ಪ ಎದ್ದು ಓಡಾಡಿ ಎಂದು ಉಪದೇಶ ಮಾಡುತ್ತಿತ್ತು. ಒಂದು ಹೋರಿ ನನ್ನನ್ನು ತಳ್ಳಿದಾಗ, ಬಿದ್ದಿರಾ, ಯಾರನ್ನಾದರೂ ಕರೆಯಲೇ ಎಂದು ಕೇಳಿತು. ಆ ಹೊತ್ತಿಗೆ ಊರೇ ಅಲ್ಲಿ ಸೇರಿತ್ತು. ಅದನ್ನು ಗೌರವದಿಂದ ತಂಗಿಯ ಮಗಳಿಗೇ ಮರಳಿಸಿದೆ.

ಯೋಚಿಸಿದರೆ ತಮಾಷೆಯಾಗಿದೆ. ನಮ್ಮ ಹಿಂದಿನವರು ಮುಹೂರ್ತ ನೋಡುತ್ತಿದ್ದುದು ಗಳಿಗೆ ಬಟ್ಟಲಿನಲ್ಲಿ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರ ಮೇಲೆ ತೇಲಿಬಿಟ್ಟರೆ, ಅದು ಮೆಲ್ಲನೆ ತುಂಬಿಕೊಂಡು ಮುಳುಗಿದಾಗ ಒಂದು ಗಳಿಗೆಯಾಯಿತೆಂದು ಲೆಕ್ಕ. ನೀರಿನಲ್ಲಿ ಮುಳುಗುವುದೇ ಆ ಗಡಿಯಾರದ ಕೆಲಸವಾಗಿತ್ತು. ನಮ್ಮ ಕಾಲದ ಗಡಿಯಾರಕ್ಕೆ ನೀರೆಂದರೆ ಮೃತ್ಯುಭಯ. ಇನ್ನೊಂದು ಸಂಗತಿ: ಕೈಗೆ ಕಟ್ಟುವ ವಾಚು ಮೊದಲಿಗೆ ಹೆಂಗಸರ ಆಭರಣವಾಗಿತ್ತಂತೆ. ಗಂಡಸರು ಕಿಸೆಯಲ್ಲಿ ಸರಪಳಿಯ ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಯುದ್ಧದಲ್ಲಿ ಕೈ ಬಿಡುವಿಲ್ಲದಾದಾಗ ಸೈನಿಕರೂ ಅದನ್ನು ಮಣಿಕಟ್ಟಿಗೆ ಬಿಗಿದುಕೊಂಡರು. ಕೈ ಬಿಡುವಿಲ್ಲದವರ ಸಾಲಿನಲ್ಲಿ ದನದ ಡಾಕ್ಟರನ್ನೂ ಸೇರಿಸಬಹುದು ಎಂದು ನನ್ನ ವಿನಮ್ರ ಅಭಿಪ್ರಾಯ.

ಆದರೆ ಕರು ಎಳೆಯುವಾಗ ಮಾತ್ರ ವಾಚು ಬಿಚ್ಚಲೇಬೇಕು. ಎಷ್ಟು ಗಟ್ಟಿಯದಾದರೂ ದನಕ್ಕೆ ಒಳಗೆ ತಾಗಬಾರದು. ಆಗ ಅದನ್ನು ಮನೆಯವರ ಕೈಗೆ ಕೊಡುವುದು ನನ್ನ ರೂಢಿ. ನಮ್ಮ ಕಡೆಯ ಜನಕ್ಕೆ ಡಾಕ್ಟರ ವಸ್ತುವೆಂದರೆ ಎಷ್ಟು ಗೌರವವೆಂದರೆ, ಅದನ್ನು ಸುಮ್ಮನೆ ಕಿಟಕಿಯ ಮೇಲೆ ಇಡಲು ಮನಸ್ಸು ಬರುವುದಿಲ್ಲ. ಒಬ್ಬರು ದೇವರ ಕೋಣೆಯ ದೀಪದ ಪಕ್ಕದಲ್ಲಿ ಇಟ್ಟಿದ್ದರು. ಒಬ್ಬ ಅಜ್ಜ ಸೊಂಟದ ಎಲೆಯಡಿಕೆಯ ಚೀಲದೊಳಗೆ ಭದ್ರಪಡಿಸಿದ್ದರು; ವಾಚು ಸುಣ್ಣ ಬಳಿದುಕೊಂಡು ಹೊರಬಂತು. ಮತ್ತೊಂದು ಮನೆಯಲ್ಲಿ ಕಪಾಟಿಗೆ ಹಾಕಿ ಬೀಗ ಜಡಿದು, ಆಮೇಲೆ ಬೀಗದ ಕೈಯನ್ನು ಎಲ್ಲರೂ ಸೇರಿ ಹುಡುಕಿದೆವು. ಈ ಜೋಪಾನಕ್ಕೆ ನಾನು ಯಾವತ್ತೂ ಕೋಪಿಸಿಕೊಂಡವಳಲ್ಲ. ಒಳಗೊಳಗೇ ಖುಷಿಪಟ್ಟವಳು.

ಈ ಜೋಪಾನದ ತುದಿ ಮುಟ್ಟಿದವಳು ಝುಬೈದಾ. ಕಡಬದಿಂದ ಪಂಜಕ್ಕೆ ಹೋಗುವ ದಾರಿಯ ಪಕ್ಕದಲ್ಲಿ ಅವಳ ಮನೆ. ಗಂಡ ಗಲ್ಫಿನಲ್ಲಿ ಡ್ರೈವರು. ಮನೆಯಲ್ಲಿ ಯಾರಿಗೂ ಬೇಡದಿದ್ದರೂ ಹಟ ಹಿಡಿದು ದನ ಸಾಕಿದವಳು ಅವಳು. ಮುತ್ತು ಅದರ ಹೆಸರು. ಅವಳದು ಮನೆಯೊಳಗೆ ಬ್ಯಾರಿ ಭಾಷೆ, ನೆರೆಯವರೊಡನೆ ತುಳು, ನನ್ನೊಡನೆ ಕನ್ನಡ, ಮುತ್ತುವಿನೊಡನೆ ಮೂರೂ. ಮುತ್ತುವಿನ ಚೊಚ್ಚಲ ಹೆರಿಗೆಗೆ ನಾನು ಹೋದಾಗ ಕರುವಿನ ತಲೆ ಹಿಂದಕ್ಕೆ ಮಡಚಿ ಕೂತಿತ್ತು. ಗಡಿಬಿಡಿಯಲ್ಲಿ ವಾಚು ಬಿಚ್ಚಿ, ಹಗ್ಗ ಮತ್ತು ಕೊಕ್ಕೆ ಇದ್ದ ತಟ್ಟೆಯಲ್ಲೇ ಇಟ್ಟು, "ಇದನ್ನೆಲ್ಲ ಚೆನ್ನಾಗಿ ಕುದಿಸಿ ತಾ" ಅಂದೆ. ಸ್ವಲ್ಪ ಹೊತ್ತಿಗೆ ಅವಳು ಬಿಳಿ ಬಟ್ಟೆ ಹಾಸಿದ ತಟ್ಟೆ ಹಿಡಿದು ಬಂದಳು. ಅದರಲ್ಲಿ ಹಗ್ಗ, ಕೊಕ್ಕೆ, ಮತ್ತು ಆವಿಯಾಡುತ್ತಿದ್ದ ನನ್ನ ವಾಚು.

ಮಾತಾಡುವ ಹೊತ್ತಲ್ಲ ಅದು. ಮೊದಲು ಕರುವನ್ನು ಹೊರಗೆ ತಂದೆ. ಅದು ಬದುಕಿತು, ತಾಯಿಯೂ ಬದುಕಿತು. ಕೈ ತೊಳೆದು ತಟ್ಟೆಯತ್ತ ನೋಡಿದಾಗ ವಾಚಿನ ಗಾಜಿನೊಳಗೆ ಮಂಜು ಕವಿದಿತ್ತು, ಮುಳ್ಳುಗಳು ನಿಂತಿದ್ದವು. ಝುಬೈದಾ ನನ್ನ ಮುಖ ನೋಡಿದಳು.

"ಡಾಕ್ಟ್ರೇ, ಅದು ಕುದಿಸ್ಲಿಕ್ಕೆ ಇದ್ದದ್ದಲ್ವಾ?"

"ಅಡ್ಡಿಲ್ಲ ಮಾರಾಯ್ತಿ. ಇನ್ನು ಇದ್ರಲ್ಲಿ ಒಂದು ಕ್ರಿಮಿಯೂ ಇರುದಿಲ್ಲ" ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ಆವತ್ತು ದನದ ಹಗ್ಗ ಹಿಡಿದು ನಿಂತಿದ್ದವರು ಪಕ್ಕದ ಮನೆಯ ಧರ್ಣಪ್ಪ ಗೌಡರು. ಕೆಟ್ಟ ಮನಸ್ಸಿನವರಲ್ಲ, ಆದರೆ ಒಂದು ಒಳ್ಳೆಯ ಕಥೆಯನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ಅವರಿಗೆ ಅಜೀರ್ಣವಾಗುತ್ತದೆ. ಮರುದಿನ ಬೆಳಿಗ್ಗೆ ಹಾಲಿನ ಸೊಸೈಟಿಯಲ್ಲಿ, ಡಾಕ್ಟ್ರಿಗೆ ವಾಚಿನ ಸಾರು ಮಾಡಿಕೊಟ್ಟ ಮನೆ ಎಂದು ಆ ಮನೆಗೆ ನಾಮಕರಣವಾಯಿತು. ಹಾಲು ಹಾಕಲು ಬಂದವಳನ್ನು ಒಬ್ಬೊಬ್ಬರೂ "ಇವತ್ತು ಎಂತ ಸಾರು ಝುಬೈದಾ?" ಎಂದು ಕೇಳತೊಡಗಿದರು. ಮೊದಮೊದಲು ಅವಳೂ ನಕ್ಕಳಂತೆ. ಆಮೇಲೆ ಹಾಲನ್ನು ಬೇರೆಯವರ ಕೈಯಲ್ಲಿ ಕಳಿಸತೊಡಗಿದಳು. ನನ್ನನ್ನಂತೂ ಕರೆಯುವುದನ್ನೇ ಬಿಟ್ಟಳು. ಮುತ್ತುವಿಗೆ ಜ್ವರ ಬಂದಾಗ ಕರಿಮೆಣಸಿನ ಕಷಾಯ ಕುಡಿಸಿ ಸುಧಾರಿಸಿದಳೆಂದು ತಿಳಿದು ನನಗೆ ಬೇಸರವಾಯಿತು. ಕಷಾಯಕ್ಕೆ ಗುಣವಾಗುವ ಜ್ವರ ಬೇರೆ. ಆದರೆ ಮುತ್ತು ಮತ್ತೆ ಗಬ್ಬವಾಗಿತ್ತು. ಮೊದಲ ಸಲ ಅಷ್ಟು ಕಷ್ಟಪಟ್ಟ ದನ. ಈ ಸಲ ನಾಚಿಕೆಯಿಂದ ಅವಳು ಫೋನ್ ಮಾಡುವುದನ್ನು ಒಂದು ಗಂಟೆ ತಡಮಾಡಿದರೂ ತಾಯಿ ಮಗು ಎರಡೂ ಹೋದಾವು ಎಂಬ ಹೆದರಿಕೆ ನನ್ನನ್ನು ಹಿಡಿಯಿತು. ನಾನಾಗಿ ಹೋಗಿ ಸಮಾಧಾನದ ಮಾತು ಹೇಳಿದರೆ ಅವಳು ಇನ್ನಷ್ಟು ಮುದುಡುತ್ತಾಳೆ ಅನ್ನಿಸಿತು. ಸಮಾಧಾನ ಹೇಳದೆಯೇ ಅವಳ ನಾಚಿಕೆ ಕಳೆಯುವ ಉಪಾಯವೊಂದು ಬೇಕಿತ್ತು.

ಹೀಗೆ ನಾನು ಒಂದು ಬಾಳಿಕೆ ಬರುವ ವಾಚು ಹುಡುಕಿಕೊಂಡು ಪುತ್ತೂರಿನ ಪೈಗಳ ಅಂಗಡಿಯ ಮೆಟ್ಟಿಲು ಹತ್ತಿದ್ದು.

ಪೈಗಳು ನಿಧಾನದ ಮನುಷ್ಯ. ಯಾವ ವಾಚು ಎಂದು ಕೇಳುವ ಬದಲು "ಎಂತ ಕೆಲಸಕ್ಕೆ?" ಎಂದು ಕೇಳಿದರು. ನಾನು ಹೇಳಿದೆ: ನೀರು ಹೋಗಬಾರದು, ಸೆಗಣಿ ಹೋಗಬಾರದು, ದನ ತುಳಿದರೆ ಒಡೆಯಬಾರದು, ಸೆಕೆಂಡಿನ ಮುಳ್ಳು ದೂರಕ್ಕೆ ಕಾಣಬೇಕು, ದಿನಾ ಕಟ್ಟಿಕೊಂಡರೆ ಕೈ ನೋಯಬಾರದು. ಅವರು ಒಂದು ಕರಿಯ ವಾಚನ್ನು ಮೇಜಿನ ಮೇಲಿಟ್ಟು, "ಇದು ನೂರು ಮೀಟರ್ ಆಳಕ್ಕೆ ಹೋದ್ರೂ ಎಂತ ಆಗುದಿಲ್ಲ" ಅಂದರು.

"ಪೈಗಳೇ, ನೂರು ಮೀಟರ್ ಆಳಕ್ಕೆ ಹೋದ ಮೇಲೆ ನಾನು ಟೈಮ್ ನೋಡಿ ಎಂತ ಮಾಡ್ಲಿಕ್ಕುಂಟು? ನಮ್ಮ ಕುಮಾರಧಾರೆ ಹೊಳೆಯಲ್ಲಿ ಅಷ್ಟು ಆಳ ಎಲ್ಲುಂಟು?"

"ಹಾಗಲ್ಲ ಡಾಕ್ಟ್ರೇ. ಅದು ಅಲುಗಾಡದ ನೀರಿನ ಲೆಕ್ಕ. ನೀವು ನಲ್ಲಿಯ ಅಡಿಗೆ ಕೈ ಹಿಡ್ದು ತಿಕ್ಕುದಲ್ವಾ, ಆಗ ನೀರು ನುಗ್ಗುದು ಬೇರೆ ರೀತಿ. ಮೂವತ್ತು ಮೀಟರ್ ಅಂತ ಬರ್ದದ್ದು ಮಳೆಯ ನಾಲ್ಕು ಹನಿಗೆ ಮಾತ್ರ."

ಕೀ ಕೊಡುವ ತಿರುಗಣಿ ಸ್ಕ್ರೂ ಹಾಗೆ ಒಳಗೆ ಕೂತಿರಬೇಕು, ಗಾಜು ಅಂಚಿಗಿಂತ ತುಸು ತಗ್ಗಿನಲ್ಲಿರಬೇಕು, ಪಟ್ಟಿ ರಬ್ಬರಿನದಾದರೆ ತೊಳೆಯಲು ಸುಲಭ ಎಂದು ಒಂದೊಂದಾಗಿ ತೋರಿಸಿಕೊಟ್ಟರು. ನಾನು ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಮೆಲ್ಲಗೆ ಕೇಳಿದೆ: "ಕುದಿಸಿದ್ರೆ?"

ಪೈಗಳು ಕನ್ನಡಕ ತೆಗೆದು ನನ್ನನ್ನು ನೋಡಿದರು. "ವಾಚನ್ನು ಎಂತಕ್ಕೆ ಕುದಿಸುದು?"

"ಕುದಿಸ್ಬೇಕಂತ ಇಲ್ಲ. ಒಂದು ವೇಳೆ."

"ಒಂದು ವೇಳೆ ಕುದಿಸಿದ್ರೆ ಮತ್ತೆ ಇಲ್ಲಿಗೆ ತರ್ಬೇಡಿ."

"ಉಗುರುಬೆಚ್ಚಗಿನ ನೀರಿಗೆ ಬಿದ್ರೆ?"

"ಬಿದ್ದು ಬೇಗ ಎದ್ರೆ ತೊಂದರೆ ಇಲ್ಲ."

ಅಷ್ಟು ಸಾಕಾಗಿತ್ತು ನನಗೆ. ಅದೇ ಕರಿಯ ವಾಚನ್ನು ಕಟ್ಟಿಕೊಂಡು ಮನೆಗೆ ಬಂದೆ. ನಮ್ಮ ಯಜಮಾನರು ಕುಂಬ್ರದ ಶಾಲೆಯಲ್ಲಿ ಗಣಿತದ ಮಾಸ್ತರು. ಮದುವೆಯಲ್ಲಿ ಸಿಕ್ಕಿದ ವಾಚನ್ನೇ ಇವತ್ತಿಗೂ ಕಟ್ಟುತ್ತಾರೆ, ಸೀಮೆಸುಣ್ಣದ ಧೂಳಿಗಿಂತ ದೊಡ್ಡ ಶತ್ರುವನ್ನು ಅದು ಕಂಡಿಲ್ಲ. ನನ್ನ ಕೈ ನೋಡಿ, "ಸ್ಕೂಟರಿನ ಟಯರ್ ಕೈಗೆ ಕಟ್ಟಿದ ಹಾಗೆ ಉಂಟು" ಅಂದರು. ನಿಜಕ್ಕೂ ಹಾಗೇ ಇತ್ತು. ಮದುವೆ ಮನೆಗೆ ಸೀರೆಯುಟ್ಟು ಆ ವಾಚು ಕಟ್ಟಿ ಹೋದರೆ ನೆಂಟರು ನನ್ನ ಮುಖದ ಬದಲು ಮಣಿಕಟ್ಟನ್ನೇ ಮಾತಾಡಿಸುತ್ತಾರೆ. ನನಗೆ ಅದರ ಚಂದ ಬೇಕಿರಲಿಲ್ಲ.

ಕಾಲುಬಾಯಿ ಜ್ವರದ ಲಸಿಕೆಗೆ ಮನೆಮನೆಗೆ ಹೋಗುವ ದಿನ ಬಂತು. ಝುಬೈದಾಳ ಹಟ್ಟಿಯಲ್ಲಿ ಮುತ್ತುವಿಗೂ ಅದರ ಮಗಳಿಗೂ ಚುಚ್ಚಿದ್ದಾಯಿತು. ಅವಳು ಕೈ ತೊಳೆಯಲು ಬಕೆಟ್ಟಿನಲ್ಲಿ ನೀರು ತಂದಿಟ್ಟು, ನನ್ನತ್ತ ನೋಡದೆ ಬದಿಗೆ ನಿಂತಳು. ನಾನು ವಾಚು ಬಿಚ್ಚಿದೆ. ಬಿಚ್ಚಿ, ಅವಳ ಕಣ್ಣೆದುರೇ ಬಕೆಟ್ಟಿಗೆ ಹಾಕಿದೆ.

"ಡಾಕ್ಟ್ರೇ, ಎಂತ ಮಾಡಿದ್ದು ನೀವು!" ಅವಳು ಕೈ ಚಾಚಿ ಓಡಿಬಂದಳು.

"ಇರ್ಲಿ, ಸ್ವಲ್ಪ ಸ್ನಾನ ಮಾಡ್ಲಿ" ಅಂದೆ. ಸಾವಕಾಶ ಕೈ ತೊಳೆದು, ವಾಚನ್ನು ಎತ್ತಿ ಅವಳಿಗೆ ಕೊಟ್ಟೆ. ನೀರು ಬರೀ ಉಗುರುಬೆಚ್ಚಗಿತ್ತೆಂಬುದು ಅವಳಿಗೂ ಗೊತ್ತಿತ್ತು, ತಂದವಳು ಅವಳೇ ತಾನೆ. ಆದರೂ ಅವಳು ಸೆರಗಿನಲ್ಲಿ ಒರೆಸಿ, ಕಿವಿಗೆ ಹಿಡಿದು, ಕಣ್ಣ ಹತ್ತಿರ ತಂದು ನೋಡಿದಳು.

"ಓಡ್ತಾ ಉಂಟು" ಅಂದಳು. ಆಮೇಲೆ ಅವಳ ತುಟಿಯ ಕೊನೆ ಅಲುಗಿತು. "ಧರ್ಣಪ್ಪಣ್ಣನಿಗೆ ಹೇಳಿ ಡಾಕ್ಟ್ರೇ, ಈ ಸರ್ತಿ ಸಾರು ಆಗ್ಲಿಲ್ಲ ಅಂತ."

ಇಬ್ಬರೂ ನಕ್ಕೆವು. ಮುತ್ತು ತಿರುಗಿ ನೋಡುವಷ್ಟು ನಕ್ಕೆವು. ಹೊರಡುವಾಗ "ನೋವು ಶುರುವಾದ ಕೂಡ್ಲೆ ಫೋನ್ ಮಾಡ್ಬೇಕು" ಅಂದೆ. "ಮಾಡ್ತೇನೆ" ಅಂದಳು. ಅವಳು ಹೇಳಿದ ರೀತಿಯಲ್ಲಿ ನನಗೆ ನಂಬಿಕೆ ಬಂತು.

ಮಾಡಿದಳು. ಬೆಳಗಿನ ನಮಾಜು ಮುಗಿದಿತ್ತಷ್ಟೆ, ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. "ಡಾಕ್ಟ್ರೇ, ಮುತ್ತು ಒದ್ದಾಡ್ತಾ ಉಂಟು, ಕಾಲು ಮಾತ್ರ ಕಾಣ್ತಾ ಉಂಟು" ಎಂದಳು. ನಾನು ತಲುಪುವಷ್ಟರಲ್ಲಿ ಮುತ್ತುವನ್ನು ಎಬ್ಬಿಸಿ ನಿಲ್ಲಿಸಿದ್ದಳು, ನೀರು ಕುದಿಸಿಟ್ಟಿದ್ದಳು, ಧರ್ಣಪ್ಪರನ್ನು ಕರೆದಿದ್ದಳು. ಈ ಸಲ ಕರು ಹಿಂಗಾಲು ಮುಂದಾಗಿ ಬರುತ್ತಿತ್ತು. ಹಾಗೆ ಬರುವ ಕರುವನ್ನು ತಡಮಾಡದೆ ಎಳೆಯಬೇಕು, ಇಲ್ಲವಾದರೆ ಒಳಗೇ ಉಸಿರು ಕಟ್ಟುತ್ತದೆ. ವಾಚು ಬಿಚ್ಚಿ ಝುಬೈದಾಳ ಕೈಗೆ ಕೊಟ್ಟೆ. "ನಾನು ಕೇಳುವಾಗ ಟೈಮ್ ಹೇಳು" ಅಂದೆ.

ಆಮೇಲಿನದು ನನಗೂ ಪೂರ್ತಿ ನೆನಪಿಲ್ಲ. ಧರ್ಣಪ್ಪರೂ ನಾನೂ ಹಗ್ಗ ಎಳೆದದ್ದು, ಮುತ್ತು ಕೂಗಿದ್ದು, ಕರು ಒಮ್ಮೆಲೇ ಬೈಹುಲ್ಲಿನ ಮೇಲೆ ಜಾರಿದ್ದು. ಅದು ಉಸಿರಾಡುತ್ತಿರಲಿಲ್ಲ. ಮೂಗು ಬಾಯಿ ಒರೆಸಿದೆ, ಪಕ್ಕೆ ತಿಕ್ಕಿದೆ, ಒಂದು ಹುಲ್ಲುಕಡ್ಡಿಯನ್ನು ಮೂಗಿನೊಳಗೆ ಆಡಿಸಿದೆ. ಕರು ಒಮ್ಮೆ ಸೀನಿತು. ಇನ್ನೊಮ್ಮೆ ಸೀನಿ ತಲೆ ಎತ್ತಿತು.

ನಾನು ಗೋಡೆಗೊರಗಿ ಕೂತೆ. ನಮ್ಮ ದಾಖಲೆಯಲ್ಲಿ ಹುಟ್ಟಿದ ಸಮಯ ಬರೆಯಬೇಕಾಗುತ್ತದೆ. "ಎಷ್ಟು ಗಂಟೆಗೆ ಹುಟ್ಟಿತು ಝುಬೈದಾ?" ಎಂದು ಕೇಳಿದೆ.

ಅವಳು ಆಗಷ್ಟೇ ತನ್ನ ಮುಷ್ಟಿಯನ್ನು ಕಂಡವಳ ಹಾಗೆ ಕೆಳಗೆ ನೋಡಿದಳು. ಬೆರಳುಗಳನ್ನು ಬಿಡಿಸಲು ಸ್ವಲ್ಪ ಹೊತ್ತು ಬೇಕಾಯಿತು. ಅಂಗೈಯಲ್ಲಿ ವಾಚಿನ ಅಂಚು ಕೆಂಪಗೆ, ದುಂಡಗೆ ಮೂಡಿತ್ತು.

"ನೋಡ್ಲೇ ಇಲ್ಲ ಡಾಕ್ಟ್ರೇ" ಅಂದಳು. "ಬಿಡ್ಲಿಲ್ಲ, ಅಷ್ಟೆ."

ನೀರು, ಸೆಗಣಿ, ಪೆಟ್ಟು ಎಂದು ಏನೆಲ್ಲ ಕೇಳಿ ಆರಿಸಿದ್ದೆ ಈ ವಾಚನ್ನು. ಹೆದರಿದವರು ಗಟ್ಟಿಯಾಗಿ ಹಿಡಿದುಕೊಳ್ಳಲು ಏನಾದರೊಂದು ಬೇಕಾಗುತ್ತದೆ, ಅದಕ್ಕೂ ವಾಚು ಒದಗಿಬರಬೇಕು ಎಂಬುದು ನನಗೆ ಹೊಳೆದಿರಲಿಲ್ಲ. ಇಷ್ಟು ವರ್ಷ ನನ್ನ ವಾಚನ್ನು ಜೋಪಾನ ಮಾಡಿದವರೆಲ್ಲ ನನಗೆ ಸಹಾಯ ಮಾಡುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ. ಅವರಿಗೂ ಅದೊಂದು ಸಣ್ಣ ಆಸರೆಯಾಗಿತ್ತೆಂದು ತಿಳಿದು ಮನಸ್ಸು ತುಂಬಿಬಂತು. ಝುಬೈದಾ ತಡಮಾಡದೆ ಕರೆದಳಲ್ಲ, ಅದೇ ದೊಡ್ಡದು ಅನ್ನಿಸಿತು.

ವಾಚನ್ನು ನಾನು ಕೇಳಲಿಲ್ಲ. ಅವಳೂ ಕೊಡಲು ಮರೆತಳು. ಕರು ನಾಲ್ಕು ಕಾಲಿನ ಮೇಲೆ ನಿಂತು ಕೆಚ್ಚಲು ಹುಡುಕುವವರೆಗೂ ಅದು ಅವಳ ಅಂಗೈಯಲ್ಲೇ ಇತ್ತು. ಹುಟ್ಟಿದ ಸಮಯ ಎಂಬಲ್ಲಿ "ಬೆಳಿಗ್ಗೆ" ಎಂದಷ್ಟೇ ಬರೆದು, ಝುಬೈದಾ ಕೊಟ್ಟ ಚಾ ಕುಡಿದೆ.