ಗೋಣು ತಿರುಗಿಸದ ರೋಬೋ

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅವ್ವ ಯಾದಗಿರಿ ಕಡೆಯಿಂದ ಪುಣೆಗೆ ಬಂದು, ಕಟ್ಟುತ್ತಿರುವ ಬಿಲ್ಡಿಂಗುಗಳಲ್ಲಿ ಖಡಿ ಕಲ್ಲಿನ ಬುಟ್ಟಿ ಹೊತ್ತು ನನ್ನನ್ನು ಓದಿಸಿದಳು. ಆದರೆ ನಾನು ಕೆಲಸಕ್ಕೆ ಸೇರಿದ ಆನಿಮೇಷನ್ ಸ್ಟುಡಿಯೋದಲ್ಲಿ ಅವ್ವ ಏನು ಮಾಡುತ್ತಾಳೆಂದು ಕೇಳಿದರೆ, 'ಮನೆಯಲ್ಲೇ ಇರುತ್ತಾಳೆ' ಎನ್ನುತ್ತಿದ್ದೆ.

ಅಲ್ಲಿ ರೋಬೋಗಳ ಯುದ್ಧದ ಹೊಸ ಸರಣಿಯೊಂದರ ಮೊದಲ ಸೀಸನ್ ತಯಾರಾಗುತ್ತಿತ್ತು. ಕಥೆ ಹೊರದೇಶದವರದು, ಕಂಪ್ಯೂಟರಿನಲ್ಲಿ ರೋಬೋಗಳನ್ನು ನಡೆಸುವವರು ನಾವು. ನನಗೆ ಮೂರು ತಿಂಗಳ ಪ್ರೊಬೇಷನ್. ಕೊನೆಯ ವಾರ ಒಂದು ಶಾಟ್ ಕೊಟ್ಟರು: ಸೋತ ಪಡೆಯ ರೋಬೋ ಸತ್ತ ಗೆಳೆಯನನ್ನು ಹೆಗಲ ಮೇಲೆ ಅಡ್ಡಲಾಗಿ ಹೊತ್ತು ಹೊರಟಿದೆ, ಹಿಂದಿನಿಂದ ಯಾರೋ ಕೂಗುತ್ತಾರೆ, ಅದು ತಿರುಗಿ ನೋಡಬೇಕು.

ಎರಡು ಸಲ ಮಾಡಿದೆ, ಎರಡು ಸಲವೂ ವಾಪಸ್ ಬಂತು. ನಮ್ಮ ಸೂಪರ್‌ವೈಸರ್ ಮರಾಠಿಯವರು. "ಭಾರ ಎಲ್ಲಿದೆ? ನಿನ್ನ ರೋಬೋ ಥರ್ಮಾಕೋಲಿನ ಗಣಪತಿ ಮಂಟಪ ಹೊತ್ತು ಹೊರಟಿದೆಯೇನು?" ಎಂದರು. ಎಲ್ಲರೂ ನಕ್ಕರು. ಶುಕ್ರವಾರದೊಳಗೆ ಪಾಸಾಗದಿದ್ದರೆ ಬೇರೆ ಕಡೆ ಕೆಲಸ ನೋಡಿಕೋ ಎಂದೂ ಹೇಳಿದರು.

ಸಂಜೆ ಧನಕವಡಿಯ ನಮ್ಮ ಒಂದೇ ಕೋಣೆಯಲ್ಲಿ ಸುತ್ತಿದ ಗಾದಿಯನ್ನು ಹೆಗಲ ಮೇಲೆ ಹೊತ್ತು ನಡೆದು, ತಿರುಗಿ ನೋಡಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು.

"ಹುಚ್ಚಿ ಆಗೀಯೇನ? ಹೊತ್ತಾಕಿ ಗೋಣು ಹೊಳ್ಳಸ್ತಾಳೇನ? ಮುರಕೊಂಡು ಬೀಳ್ತಿ."

"ಮತ್ತ ಹ್ಯಾಂಗ ನೋಡಬೇಕು?"

ಅವ್ವ ಹಿಟ್ಟಿನ ಕೈ ಒರೆಸಿಕೊಂಡು, ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು, ತುಂಬಿದ ಕೊಡ ಏರಿಸಿಕೊಂಡಳು. "ಕರಿ ನನ್ನ."

"ಅವ್ವಾ."

ಮೊದಲು ನಿಂತಳು. ಕೊಡದೊಳಗಿನ ನೀರು ಸುಮ್ಮನಾಗುವವರೆಗೆ ನಿಂತಳು. ಆಮೇಲೆ ಹಿಮ್ಮಡಿ ಊರಿ, ಪಾದ ಬದಲಿಸಿ, ಇಡೀ ಮೈ ತಿರುಗಿಸಿದಳು. ಗೋಣು ಅಲುಗಲಿಲ್ಲ. ನನ್ನನ್ನು ನೋಡಿ, "ತಿಳೀತಾ, ಡಿಗ್ರಿಯಾಕಿ?" ಎಂದಳು.

ಕೊಡ ಇಳಿಸಿದಳು. ಒಲೆಯ ಕಡೆ ಹೋಗುವಾಗಲೂ ಹಾಗೆಯೇ, ಇಡೀ ಮೈ ತಿರುಗಿಸಿ ಹೋದಳು. ತಲೆಯ ಮೇಲೆ ಏನೂ ಇರಲಿಲ್ಲ. ಅವಳ ಗೋಣು ಎಷ್ಟು ವರ್ಷದಿಂದ ತಿರುಗುತ್ತಿರಲಿಲ್ಲವೋ! ಅದೇ ಕೋಣೆಯಲ್ಲಿದ್ದೂ ನಾನು ನೋಡಿರಲಿಲ್ಲ. ಆ ಸಂಜೆಯ ನಂತರ ಅವ್ವನನ್ನು ಹಿಂದಿನಿಂದ ಕರೆಯುವುದನ್ನು ಬಿಟ್ಟೆ.

ಶುಕ್ರವಾರ ಶಾಟ್ ಪಾಸಾಯಿತು. ಇದನ್ನು ಎಲ್ಲಿ ನೋಡಿ ಮಾಡಿದೆ ಎಂದು ಸೂಪರ್‌ವೈಸರ್ ಕೇಳಿದರು. "ನಮ್ಮವ್ವ ಖಡಿ ಹೊರುತ್ತಾಳೆ, ಅವಳನ್ನು ನೋಡಿ" ಎಂದು ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ ಹೇಳಿದೆ. ಈ ಸಲ ಯಾರೂ ನಗಲಿಲ್ಲ.

ಸೀಸನ್ ಟಿವಿಗೆ ಬಂದಾಗ ಅವ್ವನನ್ನು ಮುಂದೆ ಕೂಡಿಸಿಕೊಂಡು ನೋಡಿದೆ. ರೋಬೋ ನಿಂತಿತು, ಹಿಮ್ಮಡಿ ಊರಿತು, ಇಡೀ ಮೈ ತಿರುಗಿಸಿತು.

"ಪಾಪ," ಎಂದಳು ಅವ್ವ, "ಅದರ ಗೋಣೂ ಹೋಗ್ಯದ ನೋಡು."