ಬ್ರೆಡ್ಡಿನ ಪಥ್ಯ

ಮೊನ್ನೆ ಕೃಷ್ಣರಾಜಪೇಟೆಯ ಬಸ್ ಸ್ಟ್ಯಾಂಡಿನ ಪಕ್ಕದ ಬೇಕರಿಯಲ್ಲಿ ನಿಂತಿದ್ದೆ. ನನ್ನ ಹೆಂಡತಿಯ ತಮ್ಮ ಪುಟ್ಟಸ್ವಾಮಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿತ್ತು. ದೇವಲಾಪುರಕ್ಕೆ ಹೋಗಿ ನೋಡಿಕೊಂಡು ಬರೋಣ ಅಂತ ಹೊರಟಿದ್ದೆ. ಆಗತಾನೆ ಬೆಂದ ಬನ್ನಿನ ಘಮ ಮೂಗಿಗೆ ಬಡಿಯಿತು. ಕೈ ತಾನಾಗಿ ಬ್ರೆಡ್ಡಿನ ಪೊಟ್ಟಣದ ಮೇಲೆ ಹೋಯಿತು. ಹೋಗಿದ್ದೇ ತಡ, ಕಾದ ಬಾಣಲೆ ಮುಟ್ಟಿದವನ ಹಾಗೆ ಹಿಂದಕ್ಕೆಳೆದುಕೊಂಡೆ. ಬೇಕರಿಯವನು ನನ್ನನ್ನೊಮ್ಮೆ, ಬ್ರೆಡ್ಡನ್ನೊಮ್ಮೆ ನೋಡಿದ. ಅವನಿಗೆ ಏನಂತ ಹೇಳಲಿ? ನಿಮಗೆ ಹೇಳುತ್ತೇನೆ, ಕೇಳಿ.

ನಮ್ಮ ಕಡೆ ಆಗ ಬ್ರೆಡ್ಡು ತಿಂಡಿಯಲ್ಲ, ಪಥ್ಯ. ಗಟ್ಟಿಮುಟ್ಟಾದವನು ಬ್ರೆಡ್ಡು ತಿನ್ನುತ್ತಾ ಕೂತರೆ, "ಯಾಕಪ್ಪಾ, ಮೈಗೆ ಉಸಾರಿಲ್ವಾ?" ಅಂತ ದಾರಿಯಲ್ಲಿ ಹೋಗುವವರೂ ಕೇಳುತ್ತಿದ್ದರು. ಜ್ವರವೋ, ಬಾಣಂತನವೋ, ಕಾಲು ಮುರಿದಿದ್ದೋ, ನೋಡಲು ಬರುವವರ ಕೈಯಲ್ಲಿ ಬ್ರೆಡ್ಡು ಇರಲೇಬೇಕು. ಬರಿಗೈಲಿ ಹೋದರೆ ಮರ್ಯಾದೆ ಹೋದಂತೆ.

ತೊಂಬತ್ತರ ದಶಕದ ಮಾತು. ನಾನು ಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಪತ್ರಿಕೆಯ ಆರೋಗ್ಯದ ಪುಟ ಓದಿ ಓದಿ ಅರ್ಧ ಡಾಕ್ಟರಾಗಿದ್ದೆ. ಉಳಿದರ್ಧವನ್ನು ಬಾಯಿಬಲದಿಂದ ತುಂಬಿಸುತ್ತಿದ್ದೆ. ಅವ್ವನಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಸಿಹಿ ಬಿಡಿಸಿ, ಊಟ ಮಿತವಾಗಿರಲಿ" ಅಂದರು. ನನಗೆ ಅಷ್ಟೇ ಸಾಕಾಯಿತು. ಮುದ್ದೆ ಭಾರ, ಬ್ರೆಡ್ಡು ಹಗುರ ಅನ್ನುವುದು ನನ್ನ ಶಾಸ್ತ್ರ. ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಬನ್ನು, ರಾತ್ರಿ ರಸ್ಕು, ನಡುನಡುವೆ ಬಾಯಾಡಿಸಲು ಬಿಸ್ಕತ್ತು. ಅವ್ವನ ಕಾಫಿಗೆ ಮಾತ್ರ ಯಾರಾದರೂ ಒಂದು ಚಿಟಿಕೆ ಸಕ್ಕರೆ ಹಾಕಿದರೋ, ಮನೆಯಲ್ಲಿ ರಂಪ!

"ಲೇ ಮಗ, ಈ ಬ್ರೆಡ್ಡು ತಿಂದ್ರೆ ಅರಳೆ ಅಗ್ದಂಗಾಯ್ತದೆ ಕಣ್ಲಾ," ಅನ್ನುತ್ತಿದ್ದಳು ಅವ್ವ. "ಒಂದು ಸಣ್ ಮುದ್ದೆ ಕೊಡುಸ್ಲಾ."

"ಪಾಪ, ಅತ್ತೆಗೆ ನಿಂಬೆಹಣ್ಣಿನಷ್ಟಾದ್ರೂ ಕೊಡಾನ ಕಣ್ರೀ," ಅಂತ ನನ್ನ ಹೆಂಡತಿ ಜಯಮ್ಮನೂ ಅಂದಳು.

"ನಿಂಗೇನೇ ಗೊತ್ತು ವೈದ್ಯಶಾಸ್ತ್ರ?" ಅಂತ ಅವಳ ಬಾಯಿ ಮುಚ್ಚಿಸಿದೆ. ನನಗೇನು ಗೊತ್ತಿತ್ತು ಅಂತ ಅವಳು ಕೇಳಲಿಲ್ಲ, ನನ್ನ ಪುಣ್ಯ.

ಒಂದು ಮಧ್ಯಾಹ್ನ ಮನೆಗೆ ಬಂದರೆ ಅವ್ವ ಇಲ್ಲ. ಹುಡುಕಿದರೆ ಪಕ್ಕದ ಮನೆಯ ನಿಂಗಮ್ಮನ ಪಡಸಾಲೆಯಲ್ಲಿ ಕೂತಿದ್ದಾಳೆ. ಮುಂದೆ ತಟ್ಟೆ, ತಟ್ಟೆಯಲ್ಲಿ ಬಿಸಿ ಮುದ್ದೆ, ಸೊಪ್ಪಿನ ಸಾರು. ಮೊದಲ ತುತ್ತು ಇನ್ನೂ ಕೈಯಲ್ಲೇ ಇತ್ತು. ನಾನು ತಟ್ಟೆ ಕಿತ್ತುಕೊಂಡೆ. ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಹಿಂದೆ ಬಂದಳು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಹೊಸ ಚಪ್ಪಲಿ ಕಚ್ಚಿ ಅವ್ವನ ಕಾಲಿನ ಕಿರುಬೆರಳಿಗೆ ಗಾಯವಾಯಿತು. ವಾರ ಕಳೆದರೂ ಮಾಯಲಿಲ್ಲ, ಬೆರಳು ಕಪ್ಪಗಾಯಿತು. ಮೈಸೂರಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ರಕ್ತದ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು.

"ಊಟಕ್ಕೆ ಏನು ಕೊಡ್ತಾ ಇದ್ದೀರಿ?"

"ಬರೀ ಬ್ರೆಡ್ಡು, ಬನ್ನು, ರಸ್ಕು ಸಾರ್. ಮುದ್ದೆ ಮುಟ್ಟಿಸಿಲ್ಲ," ಅಂದೆ, ಎದೆಯುಬ್ಬಿಸಿಕೊಂಡು.

"ಅದೆಲ್ಲಾ ಮೈದಾ ಕಣ್ರೀ. ಮೈದಾ ಹೊಟ್ಟೆಗೆ ಹೋದ್ರೆ ಸಕ್ಕರೆನೇ. ಬನ್ನು ಬಿಸ್ಕತ್ತಿಗೆ ಮೇಲಿಂದ ಬೇರೆ ಸಕ್ಕರೆ ಹಾಕಿರ್ತಾರೆ. ತಾಯೀನ ಸಾಕ್ತಾ ಇದ್ರೋ, ಕಾಯಿಲೇನ ಸಾಕ್ತಾ ಇದ್ರೋ? ಒಂದು ಸಣ್ಣ ಮುದ್ದೆ, ಸೊಪ್ಪು, ಮಜ್ಜಿಗೆ ಕೊಟ್ಟಿದ್ರೆ ಆಗ್ತಿರಲಿಲ್ವಾ?"

ನನ್ನ ಅರ್ಧ ಡಾಕ್ಟರಿಕೆ ಅಲ್ಲಿಗೆ ಮುಗಿಯಿತು. ಅವ್ವನ ಬೆರಳೂ ಹೋಯಿತು.

ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅವ್ವನ ಮುಂದೆ ನಿಂತು ಅತ್ತುಬಿಟ್ಟೆ. "ಒಂದು ಬೆರಳು ಓದ್ರೆ ಓಯ್ತು ಬುಡ್ಲಾ. ಇನ್ನೂ ಒಂಬತ್ತವೆ," ಅಂದಳು. ನೆಂಟರು ಬಸ್ಸು ಹತ್ತಿ ಬಂದರು, ಕೈಯಲ್ಲಿ ಮತ್ತೆ ಬ್ರೆಡ್ಡು! "ಏನಾಯ್ತಕ್ಕಾ?" ಅಂತ ಒಬ್ಬರು ಕೇಳಿದರು. ನಾನು ತಲೆ ತಗ್ಗಿಸಿದೆ. ಅವ್ವ ನನ್ನ ಕಡೆ ನೋಡದೆ, "ಒಲ್ದಲ್ಲಿ ಜಾಲಿಮುಳ್ಳು ತುಳುದ್ಬುಟ್ಟೆ ಕವ್ವ," ಅಂದುಬಿಟ್ಟಳು. ಅವಳು ಹೊಲದ ಕಡೆ ತಲೆ ಹಾಕಿ ವರ್ಷವಾಗಿತ್ತು. ಎಲ್ಲರೂ ಮುಳ್ಳಿಗೆ ಶಾಪ ಹಾಕಿದರು, ನಾನೂ ಜೊತೆಗೆ ಲೊಚಗುಟ್ಟಿದೆ. ಮುಂದೆ ಎಷ್ಟೋ ವರ್ಷ ಅವ್ವ ದಿನಾ ಒಂದು ಸಣ್ಣ ಮುದ್ದೆ ಉಂಡುಕೊಂಡು ಚೆನ್ನಾಗಿಯೇ ಇದ್ದಳು. ಯಾರು ಕೇಳಿದರೂ ಅದೇ ಮುಳ್ಳು. ತೀರಿಕೊಳ್ಳುವವರೆಗೂ ಮಾತು ಬದಲಿಸಲಿಲ್ಲ.

ಬೇಕರಿಯಿಂದ ಬರಿಗೈಲಿ ಹೊರಬಿದ್ದು ದೇವಲಾಪುರದ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಪುಟ್ಟಸ್ವಾಮಿ ಹಾಲಿಗೆ ಬ್ರೆಡ್ಡು ಅದ್ದಿಕೊಂಡು ಶ್ರದ್ಧೆಯಿಂದ ತಿನ್ನುತ್ತಿದ್ದ.

"ಬನ್ನಿ ಭಾವ. ಮುದ್ದೆ ಬುಟ್ಬುಟ್ಟೆ, ನಿಮ್ಮವ್ವಂಗೆ ನೀವು ಮಾಡಿದ್ರಲ್ಲ, ಅದೇ ಪಥ್ಯ," ಅಂದ. "ಪಾಪ, ಆ ಮುಳ್ಳೊಂದು ಚುಚ್ಚದಿದ್ರೆ ಆಯಮ್ಮಂಗೆ ಏನೂ ಆಯ್ತಿರ್ನಿಲ್ಲ."

"ಮುಳ್ಳು ಚುಚ್ಚಲಿಲ್ಲ ಕಣೋ," ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ನನ್ನ ಮಾನ ಉಳಿಸೋಕೆ ಅವ್ವ ಹಂಗಂದ್ಲು. ಆ ಬೆರಳು ಹೋಗಿದ್ದು ನನ್ನಿಂದ. ನಾನು ತಿನ್ನಿಸಿದ ಬ್ರೆಡ್ಡಿಂದ."

ಪುಟ್ಟಸ್ವಾಮಿ ನನ್ನ ಮುಖವನ್ನೇ ನೋಡಿದ. ಲೋಟ ಪಕ್ಕಕ್ಕೆ ಸರಿಸಿ ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ: "ಲೇ, ಮುದ್ದೆಗೆ ಎಸ್ರು ಇಡು. ಭಾವನೂ ಉಣ್ತಾರೆ."