ನೀರು ಬಂದ ದಿನ ನೆಟ್ ಹೋಗುವ ಮನಿ

“ನಳಕ್ಕ ನೀರು ಬಂದ ದಿನಾನ ನೆಟ್ ಹೋಗತೈತಿ, ತಮ್ಮಾ,” ಅಂದ್ರು ಜೋರಾಪುರ ಪೇಟೆಯ ಆ ಮನಿಯ ಅತ್ತಿ. ವೈಫೈ ರಿಪೇರಿಗೆ ಹೋದ ನನಗ ನಗೂ ಬಂತು, ಸಿಟ್ಟೂ ಬಂತು. ತಿಕೋಟಾದ ಗಿರಾಕಿ ಒಂದೇ ಸವನೆ ಫೋನ್ ಮಾಡಾಕತ್ತಿದ್ದ. ಒಳಗಿನ ಖೋಲ್ಯಾಗ ಸೊಸಿ ಇಸ್ತ್ರಿ ಸೀರಿ ಉಟ್ಟು ಕುಂತಿದ್ಲು; ಇನ್ನೇನು ಫೋನಿನ್ಯಾಗ ಆಕಿಯ ನೌಕರಿಯ ವಿಡಿಯೋ ಇಂಟರ್‌ವ್ಯೂ ಶುರುವಾಗೋದಿತ್ತು.

ನೋಡಿದ್ರ, ರೂಟರ್ ನೀರಿನ ಡ್ರಮ್ಮುಗಳ ಹಿಂದ ಕುಂತಿತ್ತು! ಖಾಲಿ ಪ್ಲಾಸ್ಟಿಕ್ ಡ್ರಮ್ ಆದ್ರ ವೈಫೈ ಅಲೆ ದಾಟಿ ಹೋಗತೈತಿ. ನೀರು ತುಂಬಿದ್ರ ಒಂದಿಷ್ಟು ಅಲ್ಲೇ ಇಂಗತೈತಿ, ಒಂದಿಷ್ಟು ಬಡದು ಹೊಳ್ಳಿ ಬರತೈತಿ.

“ಡ್ರಮ್ ಸರಸ್ರಿ ಯವ್ವಾ.”

“ತುಂಬಿದ್ದನ್ನ ಹ್ಯಾಂಗ ಸರಸೋದು? ಚೆಲ್ಲು ಅಂತೂ ಅನಬ್ಯಾಡ, ಮತ್ತ ನೀರು ಯಾವಾಗ ಬಿಡ್ತಾರೋ.”

ರೂಟರ್ ಸರಸಾಕ ವೈರೂ ಸಾಲಲಿಲ್ಲ. ಅಡಗಿಮನಿಯ ದೊಡ್ಡ ತಾಟಿನಂಥಾ ಸ್ಟೀಲ್ ಪರಾತ ತಂದು ಬಾಜೂ ಗ್ವಾಡಿಗೆ ಓರೆ ನಿಲ್ಲಿಸಿದೆ. ಕನ್ನಡಿಗೆ ಬಿದ್ದ ಬಿಸಲಿನಂಗ ಅಲೆ ಪರಾತಕ್ಕ ಬಡದು ಖೋಲಿ ಕಡೆ ಹೊಳ್ಳಿತು.

“ಬಂತ್ರಿ!” ಅಂದ್ಲು ಸೊಸಿ.

ಬೀಗತಾ ತಿಕೋಟಾ ಹಾದಿ ಹಿಡಿದೆ. ಊರು ದಾಟೋದ್ರಾಗ ಅತ್ತಿ ಫೋನ್ ಮಾಡಿದ್ರು.

“ನೆಟ್ ಮತ್ತ ಹೋತು, ತಮ್ಮಾ.”

“ಪರಾತ ಎಲ್ಲೈತ್ರಿ?”

“ಹಿಟ್ಟು ನಾದಾಕ ತಗೊಂಡೇನಿ. ಇಂಟರ್‌ವ್ಯೂ ಮುಗಿಸಿ ಏಳೋದ್ರಾಗ ಆಕಿಗೆ ಬಿಸಿ ರೊಟ್ಟಿ ಬೇಕಲ್ಲ?”

ಬೈಕ್ ಹೊಳ್ಳಿಸಿದೆ. ಅವತ್ತಿನಿಂದ ನನ್ನ ಸಾಮಾನಿನ ಚೀಲದಾಗ ನಂದೇ ಒಂದು ಪರಾತ ಇರತೈತಿ. ನಗಬ್ಯಾಡ್ರಿ.